ಹಳದಿ ಗಂಟು

ಬೋಳುಗುಡ್ಡದ ಅರ್ಧಕ್ಕೆ ದಿಂಡಿಗದ ಮರಗಳು ನಿಂತುಬಿಡುತ್ತವೆ. ಅಲ್ಲಿಂದ ಮೇಲೆ ಹುಲ್ಲು, ಕಲ್ಲು, ಗಾಳಿ. ಮಳೆ ಹೆಚ್ಚಿದ ಈ ವರ್ಷಗಳಲ್ಲಿ ಮರಗಳು ಆ ಹುಲ್ಲಿನೊಳಕ್ಕೆ ಹತ್ತುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ಮೇಲೆ ಮೊಳೆತಿದ್ದ ನೂರೈವತ್ತು ಸಸಿಗಳಿಗೆ ಗುರುತು ಮಾಡಬೇಕಿತ್ತು. ತಗಡಿನ ಬಿಲ್ಲೆಗಳು ಗಾಳಿಗೆ ಉದುರಿದವು. ಹೊಸದುರ್ಗದ ಸಂತೆಯಲ್ಲಿ ಹಳದಿ ಬಟ್ಟೆ ಕೊಂಡು, ಪಟ್ಟಿ ಹರಿದು, ಒಂದೊಂದಕ್ಕೂ ಗಂಟು ಹಾಕಿದೆ.

ಮೂರು ವರ್ಷಕ್ಕೆ ನೂರಮೂವತ್ತು ಉಳಿದಿದ್ದವು. ಕಾಡು ಮೇಲೇರುತ್ತಿದೆ ಎಂದು ಬರೆದೆ. ನಮ್ಮ ಯೋಜನೆಯ ಮುಖ್ಯಸ್ಥ ನಿರಂಜನ್ ಅರಣ್ಯ ಇಲಾಖೆಗೆ ವರದಿ ಕಳಿಸಿದರು. ಗುಡ್ಡದ ನೆತ್ತಿಗೆ ಬೇಲಿ ಹಾಕಿ ಕುರಿ ತಡೆಯಿರಿ ಎಂದು ಆದೇಶ ಬಂತು.

ಹೊಲಗಳಲ್ಲಿ ಬೆಳೆ ನಿಂತಿರುವಾಗ ಕುರಿ ಕಾಯುವ ಮುದುಕಿ ಸಿದ್ದಕ್ಕನ ಅರವತ್ತು ಕುರಿಗೆ ಇದ್ದ ಮೇವು ಆ ನೆತ್ತಿಯದೊಂದೇ. ಬೇಲಿಯ ಕಂಬ ಇಳಿಸುತ್ತಿದ್ದ ದಿನ ಅವಳು ಕಲ್ಲಿನ ಮೇಲೆ ಕೂತಿದ್ದಳು.

"ಏನಪ್ಪ ಸುದೀಪ, ಮೇಲೆ ಕಾಡು ಬೆಳೀತೈತೆ ಅಂತ ಬರ್ದೀಯಂತೆ?"

"ಮಳೆ ಜಾಸ್ತಿ ಆಗೈತಲ್ಲಜ್ಜಿ."

"ಗಂಟು ಕಟ್ಟಿದ್ದಕ್ಕಷ್ಟೇ ಬಿತ್ತೇನು ಆ ಮಳೆ?"

ನೋಡಿದೆ. ಹಳದಿ ಗಂಟಿನ ಸಸಿಗಳು ನನ್ನ ಸೊಂಟದೆತ್ತರ ಬಂದಿದ್ದವು. ಅವುಗಳ ಪಕ್ಕದಲ್ಲೇ ಗಂಟಿಲ್ಲದವು, ಕುರಿ ಮೇಯ್ದು, ಬುಡದವರೆಗೆ ಮೋಟಾಗಿದ್ದವು. ಮೂರು ವರ್ಷ ನಾನು ಎಣಿಸಿದ್ದು ಗಂಟುಗಳನ್ನು ಮಾತ್ರ.

"ಅರಿಶಿನದ ಬಟ್ಟೆ ಕಟ್ಟಿದ್ರೆ ಅದು ಹರಕೆ ಗಿಡ. ಅದ್ಕೆ ಬಾಯಿ ಹಾಕ್ಸಾಕಾಗ್ತೈತಾ? ಕೋಲು ಅಡ್ಡ ಹಿಡ್ದು ಕಾದೀನಿ. ಮನೇಲಿ ಯಾರಿಗೋ ಹುಷಾರಿಲ್ಲೇನೋ, ಪಾಪ, ಅಂತ. ಹರಕೆ ಏನಂತ ಕೇಳಬಾರ್ದು, ಅದ್ಕೆ ಕೇಳ್ಲಿಲ್ಲ."

ಮೂರು ವರ್ಷ ಅವಳು ಏನೂ ಕೇಳದಿದ್ದದ್ದು ನನಗೆ ಹಿತವಾಗಿತ್ತು. ಕುರಿ ಏನು ಮೇಯುತ್ತವೆ ಎಂದು ನಾನೂ ಅವಳನ್ನು ಕೇಳಿರಲಿಲ್ಲ.

ದೂರ ಹೋಗಿ ನಿರಂಜನ್‌ಗೆ ಫೋನ್ ಮಾಡಿ, ವರದಿ ವಾಪಸ್ ಪಡೆಯಬಹುದೇ ಎಂದು ಕೇಳಿದೆ.

"ವರದಿ ಅಂದ್ರೆ ಕುರಿ ಹಿಂಡೇನಯ್ಯಾ, ವಾಪಸ್ ಹೊಡ್ಕಂಡು ಬರಾಕೆ?" ಎಂದರು. "ಎಣಿಕೆ ತಪ್ಪು ಅಂತ ಬರ್ದು ಕೊಡು, ಕಳಿಸ್ತೀನಿ. ಮುಂದಿನ ವರ್ಷ ನಿನ್ ಕೆಲಸ ಮಾತ್ರ ಕೇಳ್ಬೇಡ."

ಸರಿ ಸಾರ್ ಎಂದೆ. ಬರೆಯಲಿಲ್ಲ.

ಮರಳಿ ಬಂದಾಗ ಸಿದ್ದಕ್ಕ ಎದ್ದು ನಿಂತಿದ್ದಳು.

"ಬೇಲಿ ಬಿಡಲ್ವಂತಾ?"

ನಾನು ಫೋನ್ ಜೇಬಿಗಿಳಿಸಿ, ಇಲ್ಲ ಎಂದು ತಲೆಯಾಡಿಸಿದೆ.

"ಹೋಗ್ಲಿ. ಈಗಾರ ಹೇಳಪ್ಪ, ಯಾರಿಗೆ ಹುಷಾರಿರ್ಲಿಲ್ಲ?"

"ಅಮ್ಮಂಗೆ."

"ಈಗ?"

"ಚೆನ್ನಾಗಿದಾಳೆ."

"ಅಷ್ಟಾತಲ್ಲ, ಬಿಡು" ಎಂದು ಅವಳು ಕುರಿಗಳನ್ನು ಕೊನೆಯ ಸಲ ಕೆಳಕ್ಕೆ ತಿರುಗಿಸಿದಳು. ದಾರಿಯಲ್ಲಿ ಸಿಕ್ಕ ಪ್ರತಿ ಹಳದಿ ಗಂಟಿನ ಮುಂದೆ ನಿಂತು, ಹಿಂಡು ದಾಟುವವರೆಗೆ ಕೋಲು ಅಡ್ಡ ಹಿಡಿದಳು.