ಹೊಲಿಗೆಯಮ್ಮನ ಕಿಟಕಿ

ಅಜ್ಜಿಯ ಕಥೆಗೆ ಒಂದು ಕರಾರಿತ್ತು. ನಾನು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಕ್ಷಸ ಸತ್ತ ಮೇಲೂ ನಾನು ಬಿಡುತ್ತಿರಲಿಲ್ಲ. 'ಆಮೇಲೆ? ಅವನ ಕುದುರೆ ಏನಾಯ್ತು?' ಎಂದು ಪ್ರಾಣ ತಿನ್ನುತ್ತಿದ್ದೆ. ನಾನು ಕಾನೂನು ಕಾಲೇಜಿನ ನಾಲ್ಕನೇ ವರ್ಷಕ್ಕೆ ಬರುವಷ್ಟರಲ್ಲಿ ಇದು ಅದಲುಬದಲಾಗಿತ್ತು. ಸಂಜೆ ಬಟಾಣಿ ಸುಲಿಯುತ್ತಾ ಆ ದಿನ ಓದಿದ ತೀರ್ಪನ್ನು ನಾನು ಹೇಳುವುದು, ಅಜ್ಜಿ ಹೂಂಗುಟ್ಟುವುದು.

ತೀರ್ಪುಗಳು ಸಿಗುತ್ತಿದ್ದದ್ದು ಕಾನೂನು ಪುಸ್ತಕಗಳ ಪ್ರಕಾಶನವೊಂದರಲ್ಲಿ. ಕಾಲೇಜು ಅಲ್ಲಿಗೆ ಸಂಶೋಧನಾ ಕೆಲಸಕ್ಕೆಂದು ಇಬ್ಬರನ್ನು ಕಳಿಸಿತ್ತು: ನನ್ನನ್ನು, ಮತ್ತು ಊಟದ ಡಬ್ಬಿಯನ್ನೂ ನಾಲ್ಕು ನಿಮಿಷದಲ್ಲಿ ಖಾಲಿ ಮಾಡುವ ನನ್ನ ಗೆಳತಿಯನ್ನು. ಅವಳಿಗೆ ಎಕ್ಸ್‌ಪ್ರೆಸ್ ಎಂದೇ ಹೆಸರು ಬಿದ್ದಿತ್ತು.

ನೂರು ವರ್ಷದ ತೀರ್ಪುಗಳನ್ನು ಅಲ್ಲಿ ಕಂಪ್ಯೂಟರಿಗೆ ಏರಿಸಿದ್ದರು. ಹಳೆಯ ತೀರ್ಪೊಂದನ್ನು ಮುಂದಿನದೊಂದು ತಪ್ಪೆಂದು ತಳ್ಳಿಹಾಕಿದ್ದರೆ ಪ್ರೋಗ್ರಾಮು ಅದರ ಪಕ್ಕ ಕೆಂಪು ಬಾವುಟ ನೆಡುತ್ತಿತ್ತು. ಕೆಂಪು ಕಂಡ ವಕೀಲ ಆ ತೀರ್ಪಿನ ತಂಟೆಗೇ ಹೋಗುವುದಿಲ್ಲ. ತಳ್ಳಿಹಾಕಿದ ಸಾಲು ನಿಜಕ್ಕೂ ಇದೆಯೇ ಎಂದು ನೋಡಿ ಟಿಕ್ ಹಾಕುವುದಷ್ಟೇ ನಮ್ಮ ಕೆಲಸ. ಒಬ್ಬೊಬ್ಬರಿಗೆ ಇನ್ನೂರು ತೀರ್ಪು, ಶುಕ್ರವಾರದೊಳಗೆ. ಆಮೇಲೆ ಮುಂದಿನ ಆರು ತಿಂಗಳಿಗೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ.

ನನಗೆ ಉಳಿಯಬೇಕಿತ್ತು. ಅಂಟಿನ ವಾಸನೆಯ ಆ ಕೋಣೆ, ಸೂರು ಮುಟ್ಟುವ ಸಂಪುಟಗಳು, ಒಂದೊಂದರಲ್ಲೂ ಜಗಳವಾಡಿಕೊಂಡು ಕೂತ ನೂರಾರು ಜನ! ಬೇರೆಲ್ಲಿ ಸಿಕ್ಕೀತು? ಆದರೆ ಒಂದು ಸಾಲು ನೋಡಲು ಹೋಗಿ ನಾನು ಇಡೀ ತೀರ್ಪು ಓದಿಬಿಡುತ್ತಿದ್ದೆ. ಬುಧವಾರ ಎಕ್ಸ್‌ಪ್ರೆಸ್ ಇನ್ನೂರು ಮುಗಿಸಿ ಕಾಲು ಚಾಚಿ ಕೂತಳು. ನನ್ನದು ಎಪ್ಪತ್ತೊಂದು.

ಸಂಪಾದಕರು ಬಂದು ನಿಂತರು. ನಾವು ಅವರಿಗಿಟ್ಟ ಹೆಸರು ಅಡಿಟಿಪ್ಪಣಿ. ಏನು ಹೇಳಿದರೂ ಕೊನೆಗೆ ದನಿ ತಗ್ಗಿಸಿ ಇನ್ನೊಂದು ಸಾಲು ಸೇರಿಸದೆ ಅವರಿಗೆ ಸಮಾಧಾನವಿಲ್ಲ.

'ಏನಮ್ಮಾ, ತೀರ್ಪು ಓದ್ತಿದ್ದೀಯೋ, ಅದಕ್ಕೆ ಜೋಗುಳ ಹಾಡ್ತಿದ್ದೀಯೋ?' ಅಂದರು. ಆಮೇಲೆ ಮೆಲ್ಲಗೆ, 'ಮಲಗಿದ್ರೆ ಎಬ್ಬಿಸು.'

ಆ ಸಂಜೆ ಅಜ್ಜಿಗೆ ಎಪ್ಪತ್ತೊಂದನೆಯದನ್ನು ಹೇಳಿದೆ.

'ಒಬ್ಬ ಹೊಲಿಗೆಯಮ್ಮ. ಬಾಡಿಗೆ ಕೋಣೆ, ಒಂದೇ ಕಿಟಕಿ, ಅದರ ಹತ್ರ ಮಿಷನ್. ಮಾಲೀಕ ಕಿಟಕಿಗೆ ಅಡ್ಡವಾಗಿ ಗೋಡೆ ಎಬ್ಬಿಸಿದ.'

'ಅವನ ಕೈ ಸೇದುಹೋಗ! ಸೂಜಿಗೆ ದಾರ ಹೇಗೆ ಪೋಣಿಸ್ತಾಳೆ?'

'ಕೋರ್ಟಿಗೆ ಹೋದಳು. ಬೆಳಕೂ ಕೋಣೆಗೆ ಸೇರಿದ್ದೇ, ಗೋಡೆ ಕೆಡವು ಅಂದ್ರು.'

'ಹೂಂ. ಭೇಷ್.'

'ಹತ್ತು ವರ್ಷ ಆದ್ಮೇಲೆ ಯಾವುದೋ ಗೋದಾಮಿನ ಕೇಸಲ್ಲಿ, ಹೊಲಿಗೆಯಮ್ಮನ ತೀರ್ಪೇ ತಪ್ಪು ಅಂತ ತಳ್ಳಿಹಾಕಿದ್ರು. ಕೆಂಪು ಬಾವುಟ. ಮುಗೀತು.'

ಅಜ್ಜಿಯ ಕೈ ಬಟಾಣಿಯ ಮೇಲೆ ಹಾಗೇ ನಿಂತಿತು. 'ಮುಗೀತು ಅಂದ್ರೆ? ಕೊಂದೋನು ಏನಾದ?'

'ಯಾರು?'

'ಆ ಗೋದಾಮಿನ ತೀರ್ಪು ಕಣೇ! ಸಣ್ಣೋಳಿದ್ದಾಗ ರಾಕ್ಷಸನ ಕುದುರೇನೂ ಬಿಡ್ತಿರಲಿಲ್ಲ. ಕಾಲೇಜಿಗೆ ಹೋಗಿ ಇದ್ದ ಬುದ್ಧೀನೂ ಕಳ್ಕೊಂಡ್ಯಾ?'

ಗುರುವಾರ ನನ್ನ ಮುಂದೆ ನೂರ ಇಪ್ಪತ್ತೊಂಬತ್ತು ತೀರ್ಪುಗಳಿದ್ದವು. ಕಣ್ಣು ಮುಚ್ಚಿ ಟಿಕ್ ಒತ್ತಿದ್ದರೆ ಬಹುಶಃ ಮುಗಿಯುತ್ತಿತ್ತು. ನಾನು ಗೋದಾಮಿನ ಬೆನ್ನು ಹತ್ತಿದೆ. ಕಪಾಟಿನ ಬುಡದಲ್ಲಿ ನೆಲಕ್ಕೆ ಕೂತು ಸಂಪುಟದ ಮೇಲೆ ಸಂಪುಟ ತೆರೆದೆ. ಸಂಜೆ ನಾಲ್ಕಕ್ಕೆ ಸಿಕ್ಕಿತು. ಗೋದಾಮಿನ ಕೇಸಾಗಿ ಹತ್ತೊಂಬತ್ತು ವರ್ಷದ ನಂತರ ಐವರು ನ್ಯಾಯಮೂರ್ತಿಗಳು ಕೂತು, ಗೋದಾಮಿನ ತೀರ್ಪು ತಪ್ಪು, ಹೊಲಿಗೆಯಮ್ಮನದೇ ಸರಿ ಎಂದು ಬರೆದಿದ್ದರು! ಪ್ರೋಗ್ರಾಮು ಗೋದಾಮಿಗೂ ಒಂದು ಕೆಂಪು ಬಾವುಟ ನೆಟ್ಟು ಕೈತೊಳೆದುಕೊಂಡಿತ್ತು. ಗೋದಾಮಿನ ತೀರ್ಪು ಬಿದ್ದಾಗ ಅದರಡಿ ಸಿಕ್ಕ ಹೊಲಿಗೆಯಮ್ಮ ಎದ್ದಳೇ ಎಂದು ಹಿಂತಿರುಗಿ ನೋಡಿರಲಿಲ್ಲ.

ಖುಷಿಯಲ್ಲಿ ಹೊಲಿಗೆಯಮ್ಮನ ತೀರ್ಪಿನ ಪಕ್ಕದ ಟಿಪ್ಪಣಿಯ ಚೌಕದಲ್ಲಿ ಏನೇನೋ ಬರೆದು ಮನೆಗೆ ಓಡಿದೆ.

ಶುಕ್ರವಾರದ ಸಭೆಯಲ್ಲಿ ಪ್ರೋಗ್ರಾಮು ಬರೆಯುವ ಅಕ್ಕ ನಮ್ಮ ಕೆಲಸವನ್ನು ದೊಡ್ಡ ಪರದೆಯ ಮೇಲೆ ತೆರೆದರು. ಎಕ್ಸ್‌ಪ್ರೆಸ್: ಇನ್ನೂರು. ನಾನು: ಎಪ್ಪತ್ತೊಂದು. ನನ್ನ ಕಿವಿ ಬಿಸಿಯಾಯಿತು. ಅಷ್ಟು ಸಾಲದೆಂಬಂತೆ ಅಕ್ಕ ನನ್ನ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು:

'ಇವಳು ಸತ್ತಿದ್ದು ನಿಜ. ಆದರೆ ಕೊಂದವನನ್ನು ಐದು ಜನ ಸೇರಿ ಕೊಂದರು. ಇವಳು ಎದ್ದು ಕೂತು ಹೊಲಿಯುತ್ತಿದ್ದಾಳೆ. ಸಂಪುಟ ನಲವತ್ತಾರು, ಪುಟ ಮುನ್ನೂರ ಎರಡು.'

ಕೋಣೆಯೆಲ್ಲ ಗೊಳ್ಳೆಂದಿತು. 'ಇದೇನೇ, ಕೊಲೆ ಕೇಸಾ?' ಎಂದು ಎಕ್ಸ್‌ಪ್ರೆಸ್ ಹೊಟ್ಟೆ ಹಿಡಿದುಕೊಂಡಳು. ನಗದವರು ಸಂಪಾದಕರೊಬ್ಬರೇ. ಅವರೇ ಎದ್ದು ಹೋಗಿ ನಲವತ್ತಾರನೇ ಸಂಪುಟ ತಂದು, ನಿಂತೇ ಓದಿದರು. ಪುಟ ಮಗುಚಿದರು. ಇನ್ನೊಮ್ಮೆ ಓದಿದರು.

'ನನ್ನ ಪುಸ್ತಕದ ನಾಲ್ಕು ಆವೃತ್ತೀಲೂ ಈ ತೀರ್ಪು ಸತ್ತಿದೆ ಅಂತ ಬರೆದಿದ್ದೀನಿ,' ಅಂದರು. ಆಮೇಲೆ ದನಿ ತಗ್ಗಿಸಿ, 'ಮಣ್ಣು ಮಾಡಿದ್ದೂ ನಾನೇ.'

ಅಕ್ಕ ಆಗಲೇ ಕೀಲಿಮಣೆ ಕುಟ್ಟತೊಡಗಿದ್ದರು. ಬಿದ್ದ ಪ್ರತಿಯೊಂದು ತೀರ್ಪೂ ಹಿಂದೆ ಯಾವ ತೀರ್ಪನ್ನು ಕೆಡವಿತ್ತು ಎಂದು ಪ್ರೋಗ್ರಾಮು ಹುಡುಕುವಂತೆ ಮಾಡಿದರು. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಪಟ್ಟಿ ಬಂತು: ಮತ್ತೆ ಓದಿ ನೋಡಬೇಕಾದವು ನಲವತ್ತೊಂದು!

'ಇವನ್ನೆಲ್ಲ ಕೂತು ಓದೋರು ಯಾರು?' ಅಂದರು ಅಕ್ಕ.

'ಇವಳೇ, ಇನ್ಯಾರು?' ಎಂದಳು ಎಕ್ಸ್‌ಪ್ರೆಸ್. 'ಆದ್ರೆ ಸರ್, ಇವಳೊಬ್ಬಳೇ ಆದ್ರೆ ಮುಗಿಸೋಷ್ಟರಲ್ಲಿ ಅಜ್ಜಿ ಆಗಿರ್ತಾಳೆ. ಎಳ್ಕೊಂಡು ಹೋಗೋಕೆ ನಾನೂ ಬೇಕು.'

ಸಂಪಾದಕರು ನಮ್ಮಿಬ್ಬರನ್ನೂ ನೋಡಿದರು. 'ಇಬ್ಬರೂ ಇರಿ.' ಮೆಲ್ಲಗೆ, 'ಮೇಜು ಮಾತ್ರ ಒಂದೇ. ಕಿತ್ತಾಡಬೇಡಿ.'

ಹೊಲಿಗೆಯಮ್ಮನ ಬಾವುಟ ಬದಲಿಸಲು ನನ್ನನ್ನೇ ಕರೆದರು. ಒಂದು ಗುಂಡಿ ಒತ್ತಿದೆ. ಕೆಂಪು ಹೋಗಿ ಹಸಿರು ಬಂತು. ಅಷ್ಟೇ. ಆದರೂ ಎಲ್ಲೋ ಒಂದು ಕೋಣೆಯಲ್ಲಿ ಮಿಷನ್ನಿನ ಮೇಲೆ ಬಿಸಿಲು ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒದರಿದೆ. ಅಜ್ಜಿ ನನ್ನ ಕೆನ್ನೆ ಹಿಂಡಿದರು.

'ನಿನ್ನ ಕೆಲಸ ಉಳೀತು, ಸರಿ. ಅವಳು? ಗೋಡೆ ಬಿತ್ತಲ್ಲ, ಆಮೇಲೆ?'

'ಗೊತ್ತಿಲ್ಲ ಅಜ್ಜಿ. ತೀರ್ಪು ಅಲ್ಲಿಗೇ ನಿಂತಿದೆ.'

'ನಿಮ್ಮ ಜಡ್ಜುಗಳಿಗೆ ಕಥೆ ಹೇಳೋಕೆ ಬರಲ್ಲ ಬಿಡು.' ಬಟಾಣಿಯ ಮೊರವನ್ನು ನನ್ನತ್ತ ತಳ್ಳಿ ಗೋಡೆಗೆ ಒರಗಿ ಕೂತರು. 'ಗೋಡೆ ಬಿದ್ದ ದಿನ ಅವಳು ಮಿಷನ್ ಮುಟ್ಟಲೇ ಇಲ್ಲ. ಮೊದಲು ಕಿಟಕಿಗೊಂದು ಪರದೆ ಹೊಲೀಬೇಕು ಅಂತ ಬಟ್ಟೆ ತರೋಕೆ ಹೊರಟಳು. ದಾರೀಲಿ ಯಾರು ಸಿಕ್ಕಿದ್ರು ಗೊತ್ತಾ?'

ನಾನು ಒಂದು ಬಟಾಣಿಕಾಯಿ ಎತ್ತಿಕೊಂಡೆ.

'ಹೂಂ,' ಅಂದೆ.