ಬೀಗರು ಕಟ್ಟಿದ ಒಡ್ಡು

ಗೋಬರ್ಧನ್ ಮಹತೋ ಅವರಿಗೆ ಗಣಿಯಲ್ಲಿ ಇದ್ದದ್ದು ಒಂದೇ ಕೆಲಸ. ನೀರನ್ನು ಒಳಗೆ ಬಿಡಬಾರದು, ಬಂದುಬಿಟ್ಟರೆ ಹೊರಗೆ ಹಾಕಬೇಕು. ನಮ್ಮದು ದಾಮೋದರ ನದಿಯ ದಂಡೆಗೆ ಹತ್ತಿರದ ತೆರೆದ ಕಲ್ಲಿದ್ದಲು ಗಣಿ. ಮೇಲಿನ ದಿಬ್ಬದ ಮಳೆನೀರು ಗುಂಡಿಗೆ ಬೀಳದಂತೆ ಅಂಚಿನ ಉದ್ದಕ್ಕೂ ಕಾಲುವೆ ತೋಡಿ ಹಳ್ಳಕ್ಕೆ ಸೇರಿಸಿದ್ದರು. ಅದನ್ನು ತಪ್ಪಿಸಿಕೊಂಡು ಬಂದ ನೀರು ತಳದ ಸಂಪಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ಎರಡು ಪಂಪು. ಅವನ್ನು ನೋಡಿಕೊಳ್ಳಲು ನಾನು ಮತ್ತು ಕಾಲೀಪದ.

ಆ ವರ್ಷ ಆಷಾಢ ಒಣಗಿಕೊಂಡೇ ಮುಗಿಯಿತು. ಕಾಲುವೆಯ ಮೇಲ್ಗಡೆ ಫಟಿಕ್ ಮಹತೋ ಎಂಬವರ ಗದ್ದೆ. ಗೋಬರ್ಧನ್ ತಮ್ಮ ಮಗಳು ಬಾಸಂತಿಯನ್ನು ಅವರ ಮಗನಿಗೇ ಕೊಟ್ಟಿದ್ದರು. ಶ್ರಾವಣದಲ್ಲಿ ಮೊದಲ ಮಳೆ ಬಿದ್ದದ್ದೇ ತಡ, ಫಟಿಕ್ ಕಾಲುವೆಗೆ ಅಡ್ಡಲಾಗಿ ತಾಳೆಮರದ ಬೊಡ್ಡೆ ಹಾಕಿ, ಕಲ್ಲುಮಣ್ಣು ತುಂಬಿ ಒಡ್ಡು ಕಟ್ಟಿದರು. ನೀರು ಗದ್ದೆಗೆ ಏರಿತು. ನಾಟಿಯಾಯಿತು. ಆಮೇಲೆ ನಿಜವಾದ ಮಳೆ ಬಂತು.

ಹೋಗಲು ದಾರಿಯಿಲ್ಲದ ನೀರು ಕಾಲುವೆಯ ಏರಿ ಒಡೆದು ನೇರ ಗಣಿಗೆ ಧುಮುಕಿತು. ಮಧ್ಯಾಹ್ನದ ಹೊತ್ತಿಗೆ ಒಂದು ಪಂಪು ಮುಳುಗಿತು. ಕಾಲೀಪದನನ್ನು ಇನ್ನೊಂದರ ಬಳಿ ಬಿಟ್ಟು ನಾನು ಮೇಲೆ ಓಡಿ ಸುದ್ದಿ ಮುಟ್ಟಿಸಿದೆ.

"ಯಾರ್ರೀ ಅಡ್ಡ ಕಟ್ಟಿರೋದು?" ಎಂದರು ಮ್ಯಾನೇಜರ್.

"ನಮ್ಮ ಬೀಗರು, ಸಾರ್," ಎಂದರು ಗೋಬರ್ಧನ್.

"ಒಳ್ಳೇದೇ ಆಯ್ತು ಬಿಡಿ. ಮನೆಯವರೇ ಅಲ್ವಾ, ಹೋಗಿ ಹೇಳಿ."

ಮ್ಯಾನೇಜರ್ ಬೇರೆ ಕಡೆಯವರು. ಹೆಣ್ಣು ಕೊಟ್ಟವನು ಬೀಗರ ಮುಂದೆ ದನಿ ಎತ್ತುವಂತಿಲ್ಲ, ಬರಿಗೈಲೂ ಹೋಗುವಂತಿಲ್ಲ. ಗಣಿ ತುಂಬುತ್ತಿದ್ದಾಗ ಗೋಬರ್ಧನ್ ಮತ್ತು ನಾನು ಅಂಗಡಿಯಲ್ಲಿ ನಿಂತು ಸಿಹಿ ಕಟ್ಟಿಸಿಕೊಂಡೆವು.

"ಓಹೋ, ಬೀಗರು! ಇಂಥ ಮಳೇಲಿ! ಏನು ವಿಶೇಷ?" ಎಂದು ಫಟಿಕ್ ಎದ್ದು ಬಂದರು.

"ಏನಿಲ್ಲ ಬೀಗರೇ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ."

"ಸಲಿಕೆ ಹಿಡ್ಕೊಂಡಾ?"

"ದಾರೀಲಿ ಕೆಸರು."

ಕಾಲಿಗೆ ನೀರು ಬಂತು, ಮಂಡಕ್ಕಿ ಬಂತು. ಹಿತ್ತಲಲ್ಲಿ ಕೋಳಿ ಹಿಡಿಯುವ ಗದ್ದಲ ಕೇಳಿತು. ಗೋಬರ್ಧನ್ ಗಂಟಲು ಸರಿಮಾಡಿಕೊಂಡು, "ಗದ್ದೇಲಿ ನೀರು ಚೆನ್ನಾಗಿ ನಿಂತಿದೆ," ಎಂದರು.

"ನಿಂತಿದೆ. ನಿಮ್ಮ ಗಣಿ ಬಂದ್ಮೇಲೆ ಬಾವಿ ಬತ್ತಿಹೋಯ್ತಲ್ಲ. ಮೇಲಿಂದ ಬರೋದನ್ನಾದ್ರೂ ನಿಲ್ಲಿಸ್ಕೋಬೇಡ್ವಾ?"

ಬಾವಿ ಬತ್ತಿದ್ದು ನಿಜ. ಗೋಬರ್ಧನ್ ಮಂಡಕ್ಕಿ ತಿಂದರು.

ನಾನು ಜಗಲಿಯ ಕೊನೆಯಲ್ಲಿ ಕುಳಿತಿದ್ದೆ. ಬಾಸಂತಿ ಬಾಗಿಲ ಮರೆಯಿಂದ ಮೆಲ್ಲಗೆ ಕೇಳಿದಳು, "ಅಣ್ಣಾ, ಕೆಳಗೆ ಯಾರಾದ್ರೂ ಇದಾರಾ?"

"ಕಾಲೀಪದ ಇದಾನೆ. ಪಂಪು ಬಿಟ್ಟು ಬರಲ್ಲ ಅಂತಾನೆ."

ಅವಳು ಸೆರಗು ಬಿಗಿದು, ಗೋಡೆಗೆ ಒರಗಿಸಿದ್ದ ಸಲಿಕೆ ಎತ್ತಿಕೊಂಡು ಹೊರಟಳು. ನಾನು ಇನ್ನೊಂದನ್ನು ಎತ್ತಿಕೊಂಡು ಹಿಂದೆ ಹೋದೆ. ಮಣ್ಣು ಸುಲಭವಾಗಿ ಬಂತು, ಬೊಡ್ಡೆ ಜಗ್ಗಲಿಲ್ಲ.

"ಮಾವಯ್ಯನನ್ನ ಕೇಳಿ ಕಿತ್ರೆ ಆಗ್ತಿರ್ಲಿಲ್ವಾ?" ಎಂದೆ.

"ಅಪ್ಪ ಕೇಳೋಷ್ಟರಲ್ಲಿ ಸಂಕ್ರಾಂತಿ ಬರುತ್ತೆ. ಎಳೀರಿ ಅಣ್ಣಾ."

ಎಳೆದೆವು. ಬೊಡ್ಡೆ ಒಮ್ಮೆಲೇ ತಿರುಗಿತು, ನೀರು ಹೋ ಎಂದು ಹಳ್ಳದ ಕಡೆ ನುಗ್ಗಿತು. ಕೆಳಗಿನ ತಾಕಿನ ಸಸಿಗಳೂ ಅದರ ಜೊತೆಗೇ ಹೋದವು. ಅವನ್ನು ನೆಟ್ಟವಳು ಅವಳೇ. ಕೊನೆಯ ಸಸಿ ಕಣ್ಮರೆಯಾಗುವವರೆಗೆ ನೋಡುತ್ತ ನಿಂತು, ಮುಖ ಒರೆಸಿಕೊಂಡಳು. ಮಳೆ ಬರುತ್ತಿದ್ದುದರಿಂದ ಒರೆಸಿದ್ದು ಏನನ್ನೆಂದು ನನಗೆ ತಿಳಿಯಲಿಲ್ಲ.

ನಾವು ಮರಳಿದಾಗ ಬೀಗರಿಬ್ಬರೂ ಊಟಕ್ಕೆ ಕುಳಿತಿದ್ದರು. ಫಟಿಕ್ ಸೊಸೆಯ ಕೆಸರು ಸೀರೆ ನೋಡಿದರು.

"ಎಲ್ಲಿಗೆ ಹೋಗಿದ್ದೆ?"

"ಒಡ್ಡು ಕಿತ್ತು ಬಂದೆ, ಮಾವಯ್ಯ. ಗಣಿಯೊಳಗೆ ಒಬ್ಬ ಇದ್ದ."

ತುತ್ತು ಕಲಸುತ್ತಿದ್ದ ಅವರ ಕೈ ನಿಂತಿತು. "ಸಸಿ?"

"ಕೆಳಗಿನ ತಾಕು ಹೋಯ್ತು. ಮೇಲಿನದು ಇದೆ."

ಗೋಬರ್ಧನ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಫಟಿಕ್ ಹೆಂಡತಿಯ ಕಡೆ ತಿರುಗಿ, "ಬೀಗರಿಗೆ ಇನ್ನೊಂದು ತುಂಡು ಹಾಕು," ಎಂದರು.

ಕೈ ತೊಳೆಯುವಾಗ ಗೋಬರ್ಧನ್ ತಾವು ಹೆಣ್ಣು ಕೊಟ್ಟವರೆಂಬುದನ್ನು ಕೊಂಚ ಮರೆತರು. "ಬೀಗರೇ, ಸಂಪಿನ ನೀರು ನಾವು ಎಲ್ಲಾದ್ರೂ ಹಾಕ್ಲೇಬೇಕು. ಪೈಪು ನಿಮ್ಮ ಗದ್ದೆಗೆ ತಿರುಗಿಸ್ತೀನಿ. ಮಸಿ ತಳಕ್ಕೆ ಇಳಿಯೋಕೆ ಒಂದು ಹೊಂಡ ತೋಡಿಕೊಡ್ತೀವಿ. ಕಾಲುವೆ ಮಾತ್ರ ಮುಟ್ಬೇಡಿ. ಇವತ್ತು ಆ ಹುಡುಗ ಸಾಯ್ತಿದ್ದ."

ಫಟಿಕ್ ಕೈ ಒರೆಸಿಕೊಂಡರು. "ಇದನ್ನ ಮೊದ್ಲೇ ಹೇಳೋದಲ್ವಾ?"

"ಮಂಡಕ್ಕಿ ಕೊಟ್ರಲ್ಲ."

ಕಾಲೀಪದ ಸೊಂಟದವರೆಗೆ ನೆಂದು, ಪಂಪು ಉಳಿಸಿ, ನಮ್ಮನ್ನು ಬಾಯಿಗೆ ಬಂದಂತೆ ಬೈಯುತ್ತ ಮೇಲೆ ಬಂದ. ಮಳೆ ನಿಂತ ಮೇಲೆ ಪೈಪು ಹಾಕಿದೆವು. ಅಕ್ಕಪಕ್ಕದವರಲ್ಲಿ ಉಳಿದ ಸಸಿ ಕೇಳಿ ತಂದು ಬಾಸಂತಿ ಕೆಳಗಿನ ತಾಕನ್ನು ಮತ್ತೆ ನೆಟ್ಟಳು. ಮಾವ ಮಾತ್ರ ಅವಳೊಡನೆ ಮಾತು ಬಿಟ್ಟಿದ್ದರು. ಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು, ಅವಳು ತಂದಿಡುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಪೈಪಿನ ಬಾಯಿ ಬಿಗಿಯುತ್ತಿದ್ದೆ. ಫಟಿಕ್ ಬಂದು ಹೊಂಡದೊಳಗೆ ಬಗ್ಗಿ ನೋಡಿದರು.

"ನೀರು ಕಪ್ಪಗಿದೆ," ಎಂದರು, ಯಾರಿಗೂ ಅಲ್ಲದಂತೆ.

ಗದ್ದೆಯಲ್ಲಿ ಬಗ್ಗಿದ್ದ ಬಾಸಂತಿ ತಲೆ ಎತ್ತದೆಯೇ ಹೇಳಿದಳು, "ನಾಳೆಗೆ ತಿಳಿಯಾಗುತ್ತೆ, ಮಾವಯ್ಯ."

"ಆಗ್ಲಿ," ಎಂದು ಅವರು ಅವಳತ್ತ ತಿರುಗಿದರು. "ಬಿಸಿಲೇರ್ತಾ ಇದೆ, ಗಂಜಿ ಕುಡಿದು ಬಾ ಹೋಗಮ್ಮ."