ವಯಸ್ಸಿನ ಕೆಮ್ಮು

"ಸಾಯೋದಿದ್ರೆ ಮನೇಲಿ ಸಾಯೇ ಮುದುಕಿ. ನನ್ನ ತಲೆ ಮೇಲೆ ಯಾಕೆ ಕೆಮ್ತೀಯ?"

ಮೇಸ್ತ್ರಿ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು, ಬಾಗಿಲಲ್ಲಿ ನಿಂತೇ ಬೈದ. ಚಿಂದಿ ಗೋಡೌನಿನ ಒಳಗೆ ಅವನು ಕಾಲಿಡುತ್ತಿದ್ದದ್ದೇ ಅಪರೂಪ. ಊರು ಉಟ್ಟು ಬಿಸಾಕಿದ ಬಟ್ಟೆಯೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ಹೆಂಗಸರು ಅದನ್ನು ಕೋಲಿನಿಂದ ಬಡಿದು, ಗುಂಡಿ ಕಿತ್ತು, ಹರಿದು ರಾಶಿ ಹಾಕಬೇಕು. ಅದು ಹಾಸಿಗೆಯೊಳಗೆ ತುಂಬಲು ಹೋಗುತ್ತಿತ್ತು. ಗಾಳಿ ಬಂದರೆ ನೂಲು ಹಾರಿ ತೂಕ ಕಡಿಮೆಯಾಗುತ್ತದೆಂದು ಕಿಟಕಿಗಳಿಗೆ ಹಲಗೆ ಹೊಡೆಸಿದ್ದರು.

ಬೈಸಿಕೊಂಡ ಅತ್ತೆ ಬಗ್ಗಿ ಕೆಮ್ಮುತ್ತಲೇ ಇದ್ದಳು. ಮಾತಿಗೆ ಉಸಿರಿರಲಿಲ್ಲ. ಸೊಸೆ ಎಡಗೈಯಲ್ಲಿ ಅತ್ತೆಯ ಬೆನ್ನು ನೀವುತ್ತ ಬಲಗೈಯಲ್ಲಿ ಬಡಿಯುತ್ತಲೇ ಇದ್ದಳು. ಮನೆಯಲ್ಲೂ ಅವಳ ಒಂದು ಕಿವಿ ಅತ್ತೆಯ ಎದೆಯ ಮೇಲೇ ಇರುತ್ತಿತ್ತು.

ಯಾರಿಗಾದರೂ ಕೆಮ್ಮು ಹತ್ತಿದರೆ ಉಳಿದವರು ಕೋಲು ಜೋರಾಗಿ ಬಡಿಯುವುದು ಅಲ್ಲಿನ ರೂಢಿ. ಕೆಮ್ಮು ಕಿವಿಗೆ ಬಿದ್ದರೆ ಮೇಸ್ತ್ರಿ ಮಾರನೆಯ ದಿನ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಪ್ರಾಯದಲ್ಲಿ ಅತ್ತೆಯೂ ಎಷ್ಟೋ ಮುದುಕಿಯರಿಗಾಗಿ ಹೀಗೆ ಬಡಿದವಳು. ಇವತ್ತು ಕೋಲುಗಳು ಏಳುವುದು ಒಂದು ಗಳಿಗೆ ತಡವಾಗಿತ್ತು.

ಮೇಸ್ತ್ರಿ ಆಚೆ ಸರಿದ ಮೇಲೆ ಪಕ್ಕದ ಗಿಡ್ಡಿ ಅಂದಳು, "ನಿನ್ನತ್ತೆ ಕೆಮ್ಮಿಗೆ ತಾಳ ಹಾಕಿ ಹಾಕಿ ನನ್ನ ರಟ್ಟೆ ಬಿದ್ದೋಯ್ತು ಕಣೇ. ಒಂದಿನ ರಾಗವಾಗಾದ್ರೂ ಕೆಮ್ಮು ಅನ್ನು."

"ನಗಿಸ್ಬೇಡ ಮುಂಡೇದೇ," ಎಂದು ಅತ್ತೆ ನಗಲು ಹೋಗಿ ಮತ್ತೆ ಕೆಮ್ಮಿದಳು. ಈ ಸಲ ಕೋಲುಗಳು ತಡಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಧಣಿಯೇ ಬಂದ. ಕೆಮ್ಮಿ ಕೆಮ್ಮಿ ಸತ್ತ ಕೆಲಸದವಳೊಬ್ಬಳ ಮಗ ದೂರು ಕೊಟ್ಟಿದ್ದ; ಗೋಡೌನು ನೋಡಲು ಸರ್ಕಾರದ ಡಾಕ್ಟರು ಬರುವವರಿದ್ದರು. ಕೆಮ್ಮು ದೂಳಿನಿಂದ ಎಂದು ಅವರು ಹೇಳಿದರೆ ಕಿಟಕಿ ತೆರೆಸಬೇಕು, ಮದ್ದು ಕೊಡಿಸಬೇಕು. ವಯಸ್ಸಿನಿಂದ ಎಂದರೆ ಏನೂ ಇಲ್ಲ. ಬೆಳಿಗ್ಗೆಯೇ ಬಟ್ಟೆ ರಾಶಿಗೆ ನೀರು ಚಿಮುಕಿಸಿದ್ದು ಯಾಕೆಂದು ಹೆಂಗಸರಿಗೆ ಆಗ ಗೊತ್ತಾಯಿತು.

"ಇದೆಲ್ಲ ವಯಸ್ಸಿನ ಕೆಮ್ಮು," ಅಂದ ಧಣಿ. "ನಮ್ಮಮ್ಮನೂ ಕೆಮ್ತಾರೆ. ಅವರೇನು ಚಿಂದಿ ಬಡೀತಾರಾ? ಡಾಕ್ಟರು ಕೇಳಿದ್ರೆ ಇಲ್ಲಿ ಯಾರಿಗೂ ಕೆಮ್ಮಿಲ್ಲ ಅನ್ನಿ."

ಉಳಿದವರಿಗೆ ಕೆಮ್ಮು ನುಂಗಿಕೊಳ್ಳುವಷ್ಟು ಪ್ರಾಯವಿತ್ತು. ಅತ್ತೆಗಿರಲಿಲ್ಲ. ಮೇಸ್ತ್ರಿ ಅವಳ ತೋಳು ಹಿಡಿದು ಎಬ್ಬಿಸಿ ಹಿಂದಿನ ಮೂಟೆ ರೂಮಿಗೆ ತಳ್ಳಿದ. ತಳ್ಳುವ ಮೊದಲು ಸೆರಗಿನ ಗಂಟು ಬಿಚ್ಚಿ, ಉಬ್ಬಸ ಬಂದಾಗ ಅವಳು ಎಳೆದುಕೊಳ್ಳುವ ಪಂಪನ್ನು ತನ್ನ ಜೇಬಿಗೆ ಹಾಕಿಕೊಂಡ.

"ಅಣ್ಣಾ, ಅದಿಲ್ದಿದ್ರೆ ಅವರಿಗೆ ಉಸಿರು ಕಟ್ಟುತ್ತೆ," ಅಂದಳು ಸೊಸೆ.

"ಇದು ಬುಸ್ ಅಂದ್ರೆ ನನ್ನ ಕೆಲಸ ಕಟ್ಟಾಗುತ್ತೆ. ಮುಚ್ಕೊಂಡು ಬಡಿ."

ಹೊರಗಿನಿಂದ ಚಿಲಕ ಬಿತ್ತು.

ಡಾಕ್ಟರು ಇನ್ನೂ ಹುಡುಗ. ಮುಖಕ್ಕೆ ಮಾಸ್ಕು ಹಾಕಿಕೊಂಡೇ ಬಂದ. ಧಣಿ ಕುರ್ಚಿ ತರಿಸಿದ. ಕೂತು, ಸುತ್ತ ನೋಡಿ, "ಹೇಳ್ತಿದ್ದಷ್ಟು ದೂಳೇನಿಲ್ಲವಲ್ಲ," ಎಂದು ಮಾಸ್ಕನ್ನು ಗದ್ದಕ್ಕೆ ಇಳಿಸಿದ.

ಅಷ್ಟರಲ್ಲಿ ಮೂಟೆ ರೂಮಿನಿಂದ ಕೆಮ್ಮು ಕೇಳಿತು.

ಡಾಕ್ಟರ ಬೆನ್ನ ಹಿಂದೆ ಮೇಸ್ತ್ರಿ ಕೈಯಾಡಿಸಿ, ಬಡೀರಿ ಎಂದ. ಅವನು ಹೇಳಬೇಕಾಗಿಯೂ ಇರಲಿಲ್ಲ. ಎಲ್ಲ ಕೋಲುಗಳೂ ತಾವಾಗಿಯೇ ಎದ್ದವು. ಸೊಸೆಯೂ ಬಡಿದಳು. ಬಡಿತದ ಸಂದಿಯಲ್ಲಿ ಕೆಮ್ಮು ಸಣ್ಣಗಾಗಿ, ಕೊನೆಗೆ ಎದೆಯ ಶಿಳ್ಳೆ ಮಾತ್ರ ಉಳಿಯಿತು. ಆ ಶಿಳ್ಳೆ ಅವಳಿಗೆ ಗೊತ್ತು. ಅದನ್ನು ತಾನೇ ಬಡಿದು ಮುಚ್ಚುತ್ತಿದ್ದೇನೆಂಬುದು ಕೈಗೆ ಮೊದಲು ತಿಳಿಯಿತು. ಕೋಲು ಕೆಳಗಿಟ್ಟಳು.

ಗಿಡ್ಡಿ ಅವಳ ಮುಖ ನೋಡಿ ತಾನೂ ಇಟ್ಟಳು. ಅವಳ ಪಕ್ಕದವಳು ಇಟ್ಟಳು. ಗೋಡೌನು ಅಷ್ಟು ಸುಮ್ಮನಾದದ್ದನ್ನು ಯಾರೂ ಕೇಳಿರಲಿಲ್ಲ. ಮೂಟೆ ರೂಮಿನ ಬಾಗಿಲನ್ನು ಒಳಗಿನಿಂದ ಉಗುರು ಕೆರೆಯಿತು.

"ಏನದು ಒಳಗೆ?"

"ನಾಯಿ ಸಾರ್," ಅಂದ ಧಣಿ. "ಮುದಿ ನಾಯಿ. ಕಾವಲಿಗೆ ಅಂತ ಸಾಕಿದ್ದು."

ಸೊಸೆ ಎದ್ದು ಬಂದು ಮೇಸ್ತ್ರಿಯ ಜೇಬಿಗೆ ಕೈ ಹಾಕಿದಳು. ಅವನು ಮುಂಗೈ ಹಿಡಿದುಕೊಂಡ.

"ಬಿಡೋ ಬೋಳಿಮಗನೆ," ಅಂದಳು ಗಿಡ್ಡಿ. ಅವಳ ಕೋಲು ಮತ್ತೆ ಕೈಗೆ ಬಂದಿತ್ತು. ಮೇಸ್ತ್ರಿ ಬಿಟ್ಟ.

ಚಿಲಕ ತೆಗೆದಾಗ ಅತ್ತೆ ಹೊಸ್ತಿಲಲ್ಲೇ ಮಂಡಿಯೂರಿ ಬಿದ್ದಿದ್ದಳು. ತುಟಿ ನೇರಳೆಯಾಗಿತ್ತು. ಸೊಸೆ ಪಂಪನ್ನು ಬಾಯಿಗಿಟ್ಟು ಒತ್ತಿದಳು, ಕಾದಳು, ಮತ್ತೆ ಒತ್ತಿದಳು. ಡಾಕ್ಟರು ಎದ್ದು ನಿಂತ. ಅವನು ಬಿಟ್ಟ ಕುರ್ಚಿಯನ್ನು ಸೊಸೆ ಹೊರಗೆ ಅಂಗಳದ ಗಾಳಿಗೆ ಒಯ್ದು, ಅತ್ತೆಯನ್ನು ಅದರಲ್ಲಿ ಕೂರಿಸಿದಳು. ಶಿಳ್ಳೆ ನಿಧಾನಕ್ಕೆ ಇಳಿದು, ಮುಖಕ್ಕೆ ಬಣ್ಣ ಬಂತು. ಡಾಕ್ಟರು ಹಿಂದೆಯೇ ಬಂದು ನಾಡಿ ಹಿಡಿದು ನೋಡಿದ.

"ಕೂಡಿ ಹಾಕಿದ್ದು ಯಾಕ್ರೀ?" ಎಂದು ಒಳಗೆ ತಿರುಗಿ ಬಂದು ಧಣಿಯನ್ನು ಕೇಳಿದ.

"ಅಯ್ಯೋ ಸಾರ್, ಸುಸ್ತು ಅಂದಳು. ಮಲಗಲಿ ಪಾಪ ಅಂತ. ವಯಸ್ಸಿನ ಕೆಮ್ಮಲ್ವಾ."

ಡಾಕ್ಟರು ಒದ್ದೆ ರಾಶಿಯ ಕಡೆ ನೋಡಿದ. "ವಯಸ್ಸಾದ್ಮೇಲೆ ಉಬ್ಬಸ ಸಾಮಾನ್ಯ, ನಿಜ. ದೂಳಂತೂ ಕಾಣ್ತಿಲ್ಲ ಇಲ್ಲಿ."

ಬಾಗಿಲಲ್ಲಿ ನಿಂತಿದ್ದ ಸೊಸೆ ತಿರುಗಿ ಅತ್ತೆಯನ್ನು ನೋಡಿದಳು.

"ಒಣಗಿದ್ದು ತೋರ್ಸೇ," ಅಂದಳು ಅತ್ತೆ.

ಸೊಸೆ ಮೂಟೆ ರೂಮಿಗೆ ಹೋದಳು. ನೀರು ಮುಟ್ಟದ ಮೂಟೆಯೊಂದನ್ನು ದರದರ ಎಳೆದು ತಂದು ಡಾಕ್ಟರ ಕಾಲ ಬುಡದಲ್ಲಿ ಬಿಚ್ಚಿ ಸುರಿದಳು. ಹೆಂಗಸರು ಸುತ್ತ ಕೂತರು. ಹೊರಗಿನಿಂದ ಗೋಡೌನಿನ ದೊಡ್ಡ ಬಾಗಿಲು ಮುಚ್ಚಿತು, ಚಿಲಕ ಬಿತ್ತು.

"ಏಯ್, ಏನ್ರೇ ಇದು?" ಅಂದ ಮೇಸ್ತ್ರಿ.

"ಕೆಲಸ ಕಣಣ್ಣ," ಅಂದಳು ಗಿಡ್ಡಿ. "ದಿನಾ ಮಾಡೋದೇ."

ಕೋಲುಗಳು ಬಿದ್ದವು. ಮೊದಲ ಏಟಿಗೇ ಎದ್ದ ದೂಳಿನಲ್ಲಿ ಡಾಕ್ಟರ ಬೂಟು ಕಾಣದಾಯಿತು, ಆಮೇಲೆ ಧಣಿಯ ಬಿಳಿ ಅಂಗಿ. ಡಾಕ್ಟರು ಗದ್ದದ ಮಾಸ್ಕಿಗೆ ತಡಕಾಡುವಷ್ಟರಲ್ಲಿ ಕೆಮ್ಮು ಹತ್ತಿತು. ಧಣಿ ಗಂಟಲು ಕಿತ್ತು ಬರುವಂತೆ ಕೆಮ್ಮುತ್ತ ಬಾಗಿಲಿಗೆ ಓಡಿ ಎರಡೂ ಕೈಯಲ್ಲಿ ಗುದ್ದಿದ. ಹೆಂಗಸರೂ ಕೆಮ್ಮುತ್ತಿದ್ದರು. ಇವತ್ತು ಯಾರೂ ನುಂಗಿಕೊಳ್ಳಲಿಲ್ಲ.

"ತೆಗಿ! ಬಾಗಿಲು ತೆಗಿಯೇ!"

ಹೊರಗೆ ಕುರ್ಚಿ ಕಿರುಗುಟ್ಟಿತು. ಅತ್ತೆ ಬಾಗಿಲ ಹತ್ತಿರ ಎಳೆದುಕೊಂಡು ಕೂತಿದ್ದಿರಬೇಕು. ಉಸಿರು ತಂದುಕೊಂಡು, ನಡುನಡುವೆ ನಿಲ್ಲಿಸಿ ಕೇಳಿದಳು.

"ಯಾರಪ್ಪ ಅದು ಕೆಮ್ಮೋದು? ವಯಸ್ಸಾದೋರಾ?"

ಸೊಸೆ ಇನ್ನೊಂದು ಬಟ್ಟೆ ಎಳೆದುಕೊಂಡು ಕೋಲೆತ್ತಿದಳು.